ಸೆಬೇಗೋನ ಕೆಂಪು ಜಾಕ್

ಮಾವುನ್ ಪಟ್ಟಣದ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಗುಮಾಸ್ತನಾಗಿದ್ದ ಸೆಬೇಗೋ ತನ್ನ ಹಳೇ ಎಸ್‌ಯುವಿಯನ್ನು ಒಂದು ಗೇಣು ಎತ್ತರ ಮಾಡಿಸಿದ. ಯಾಕೆ ಎಂದು ಯಾರಾದರೂ ಕೇಳಿದರೆ ಮರಳು ದಾರಿ, ಮಳೆಗಾಲದ ಹೊಂಡ, ಆನೆ ಉರುಳಿಸಿದ ಮರ ಎಂದೆಲ್ಲ ಹೇಳುತ್ತಿದ್ದ. ಅವನ ಗಾಡಿ ಮನೆಯಿಂದ ಅಂಚೆ ಕಚೇರಿಗೂ ಅಂಚೆ ಕಚೇರಿಯಿಂದ ಮನೆಗೂ ಟಾರು ರಸ್ತೆಯಲ್ಲೇ ಓಡುತ್ತಿತ್ತು. ಆ ರಸ್ತೆಯಲ್ಲಿ ಕತ್ತೆಗಳಿದ್ದವು, ಆನೆ ಇರಲಿಲ್ಲ.

ನಿಜವಾದ ಕಾರಣ ಎದುರುಮನೆಯ ಒಗಾನ್ನೆ. ಅವನು ಪ್ರವಾಸಿಗರನ್ನು ಕಾಡಿಗೆ ಕರೆದೊಯ್ಯುವ ಜೀಪು ಓಡಿಸುತ್ತಿದ್ದ. ಸಂಜೆ ಮನೆಗೆ ಬಂದ ಮೇಲೂ ಕೆಳಗಿಳಿಯದೆ, ಸ್ಟೀರಿಂಗಿಗೆ ಮೊಣಕೈ ಊರಿ, ಬೇಲಿಯ ಮೇಲಿಂದ, “ಏನ್ ಸೆಬೇಗೋ, ಹೇಗಿದ್ದೀಯ ಅಲ್ಲಿ ಕೆಳಗೆ?” ಎನ್ನುತ್ತಿದ್ದ. ಆ ‘ಕೆಳಗೆ’ ಎಂಬ ಮಾತು ಸೆಬೇಗೋನನ್ನು ಬಹಳ ಕಾಲ ಕೊರೆಯಿತು. ಕೊನೆಗೆ ಉದ್ದನೆಯ ಸ್ಪ್ರಿಂಗು, ದೊಡ್ಡ ಟೈರು ಹಾಕಿಸಿ, ಒಂದು ಸಂಜೆ ತನ್ನ ಗಾಡಿಯಲ್ಲಿ ಕೂತೇ ಒಗಾನ್ನೆಗೆ ಎದುರಾದ. ಇಬ್ಬರ ಕಣ್ಣೂ ಒಂದೇ ಮಟ್ಟದಲ್ಲಿದ್ದವು. ಇಬ್ಬರೂ ಕೆಮ್ಮಿ ಒಳಗೆ ಹೋದರು.

ಈ ಏರಿಕೆಯ ಕಷ್ಟ ಬಿದ್ದದ್ದು ಹೆಂಡತಿ ಶೆನೋಲೋಗೆ. ಸೀಟಿಗೆ ಕಾಲು ಎಟುಕದೆ ಅವಳು ದಪ್ಪ ಮರದ ಮಣೆಯೊಂದನ್ನು ಮಾಡಿಸಿಕೊಂಡಳು. ಅದನ್ನು ನೆಲಕ್ಕಿಟ್ಟು ಹತ್ತುವುದು, ಹತ್ತಿದ ಮೇಲೆ ಹಗ್ಗದಿಂದ ಮಣೆಯನ್ನು ಒಳಕ್ಕೆಳೆದುಕೊಳ್ಳುವುದು. ಚರ್ಚಿನ ಮುಂದೆ ಜನ ಇದನ್ನು ನೋಡಲು ನಿಲ್ಲುತ್ತಿದ್ದರು.

ಗಾಡಿ ಎತ್ತರಿಸಿದ ಗ್ಯಾರೇಜಿನವನು ಕೀಲಿ ಕೊಡುವಾಗ ಒಂದು ಮಾತು ಹೇಳಿದ್ದ: “ನೋಡಿ, ನಿಮ್ಮ ಹಳೇ ಗಿಡ್ಡ ಬಾಟ್ಲಿ ಜಾಕ್ ಇನ್ನು ಗಾಡಿಯಡಿಯ ಚಾಸಿಗೆ ಎಟುಕಲ್ಲ. ಅದಕ್ಕೆ ಏನ್ ಮಾಡ್ಬೇಕು ಅಂದ್ರೆ...” ಏನು ಮಾಡಬೇಕು ಎಂಬುದನ್ನು ಕೇಳಲು ಸೆಬೇಗೋ ನಿಲ್ಲಲಿಲ್ಲ. ಎಟುಕದ ಜಾಕನ್ನು ಹಿಂದಿನ ಸೀಟಿನ ಕೆಳಗೆ ತುರುಕಿ ನೇರವಾಗಿ ಹಾರ್ಡ್‌ವೇರ್ ಅಂಗಡಿಗೆ ಹೋದ. ಅಲ್ಲಿ ಗೋಡೆಗೊರಗಿ ನಿಂತಿತ್ತು ಒಂದು ಫಾರ್ಮ್ ಜಾಕ್. ಎದೆಯೆತ್ತರದ ಕಬ್ಬಿಣದ ಪಟ್ಟಿ, ಅದರ ತುಂಬ ತೂತು, ಪಕ್ಕಕ್ಕೆ ಉದ್ದನೆಯ ಹಿಡಿ, ಗಾಡಿ ಎತ್ತಲು ಚಾಚಿದ ಮೂಗು, ಮೈಯೆಲ್ಲ ಕೆಂಪು.

“ನಿಮ್ಮ ಬಂಪರ್ ಕಬ್ಬಿಣದ್ದಾ, ಪ್ಲಾಸ್ಟಿಕ್ಕಾ?” ಎಂದು ಅಂಗಡಿಯಾಕೆ ಕೇಳಿದಳು.

“ಒಳ್ಳೇ ಬಂಪರ್ರು,” ಎಂದ ಸೆಬೇಗೋ.

“ಅದಲ್ಲ ಸ್ವಾಮಿ. ಇದರ ಮೂಗು ಸಿಕ್ಕಿಸೋಕೆ ಗಟ್ಟಿ ಜಾಗ ಬೇಕು. ಎಲ್ಲಿ ಸಿಕ್ಕಿಸ್ತೀರಾ?”

“ಸಿಕ್ಕಿಸೋ ಕಡೆ ಸಿಕ್ಕಿಸ್ತೀನಿ ಬಿಡಿ. ಇದೇ ಕೆಂಪು ಇನ್ನೂ ಸ್ವಲ್ಪ ಗಾಢವಾಗಿ ಇದೆಯಾ?”

ಜಾಕ್ ಬಾನೆಟ್ಟಿನ ಮೇಲೆ ಅಡ್ಡಲಾಗಿ, ಬಂದೂಕು ಇಟ್ಟಂತೆ, ಏರಿತು. ಅಂದು ಸಂಜೆ ಒಗಾನ್ನೆ ಜೀವನದಲ್ಲಿ ಮೊದಲ ಸಲ ಜೀಪಿನಿಂದ ಇಳಿದು ಬೇಲಿಯ ಹತ್ತಿರ ಬಂದ. ಜಾಕನ್ನು ನೋಡಿದ. ಮುಖ ಗಂಭೀರವಾಯಿತು.

“ಹಲ್ಲು ಹುಷಾರು ಕಣೋ,” ಎಂದ.

“ಯಾರ ಹಲ್ಲು?”

“ನಿಂದೇ. ದನದ ದೊಡ್ಡ ಬೇಲಿಯಾಚೆ ಯಾವುದೋ ಹಳ್ಳಿಲಿ ಒಬ್ಬ ಇದನ್ನೇ ಒತ್ತುತಿದ್ನಂತೆ. ಹಿಡಿ ಕೈ ಜಾರಿ ಎದ್ದು ಬಂತು. ಮುಂದಿನ ಹಲ್ಲು ಅಷ್ಟೂ ಮರಳಿಗೆ. ಹುಡುಕಿದ್ರೂ ಎರಡೇ ಸಿಕ್ಕಿದ್ದು.”

ಸೆಬೇಗೋ ನಕ್ಕ. ಒಳಗೆ ಹೋಗಿ ಕನ್ನಡಿಯಲ್ಲಿ ಹಲ್ಲು ನೋಡಿಕೊಂಡ. ಚೆನ್ನಾಗಿದ್ದವು. ಇಷ್ಟು ಚೆನ್ನಾಗಿವೆ ಎಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ.

ಶನಿವಾರ, ಯಾರೂ ಇಲ್ಲದ ಹೊತ್ತು ನೋಡಿ, ಅಂಗಳದ ಒಣ ಮರದ ಬೊಡ್ಡೆಯ ಮೇಲೆ ಜಾಕಿನ ಪರೀಕ್ಷೆ ನಡೆಯಿತು. ಏರಿಸುವಾಗ ಅದು ಕಟಕ್ ಕಟಕ್ ಎಂದು ಸಾಧು ಹಸುವಿನಂತೆ ನಡೆಯಿತು. ಇಳಿಸಲು ಸಣ್ಣ ಕೊಕ್ಕೆಯನ್ನು ತಿರುಗಿಸಿ, ಹಿಡಿಯ ಮೇಲಿನ ಬಿಗಿಯನ್ನು ಒಂದಿಷ್ಟು ಸಡಿಲಿಸಿದ ಅಷ್ಟೆ. ಹೊಲಿಗೆ ಯಂತ್ರಕ್ಕೆ ಹುಚ್ಚು ಹಿಡಿದಂತೆ ಹಿಡಿ ತನ್ನಷ್ಟಕ್ಕೆ ತಾನೇ ಮೇಲೆ ಕೆಳಗೆ ಬಡಿದುಕೊಳ್ಳುತ್ತ ಇಳಿಯಿತು. ಶೆನೋಲೋಳ ಬಟ್ಟೆ ಒಗೆಯುವ ಬೋಗುಣಿ ಹಾರಿ ಒಗಾನ್ನೆಯ ಅಂಗಳಕ್ಕೆ ಬಿತ್ತು. ಸೆಬೇಗೋ ಕೋಳಿಗೂಡಿನ ಹಿಂದಿನಿಂದ ಎದ್ದು, ಜಾಕನ್ನು ಬಾನೆಟ್ಟಿಗೆ ಬಿಗಿದು ಕಟ್ಟಿದ. ಮತ್ತೆ ಅದನ್ನು ಮುಟ್ಟುವುದಿಲ್ಲ ಎಂದು ನಿಶ್ಚಯಿಸಿದ.

ಆದರೆ ಬಾನೆಟ್ಟಿನ ಮೇಲೆ ಅಂಥ ವಸ್ತು ಕಟ್ಟಿಕೊಂಡವನನ್ನು ಊರು ಸುಮ್ಮನೆ ಬಿಡುವುದಿಲ್ಲ. ಚರ್ಚಿನವರು ನೀರಿನ ಟ್ಯಾಂಕಿನ ಕಾಲು ಎತ್ತಿಕೊಡಿ ಎಂದು ಬಂದರು. ಸೆಬೇಗೋ ಆಕಾಶ ನೋಡಿ, “ಇವತ್ತು ಗಾಳಿಲಿ ಧೂಳಿದೆ. ಪಿನ್ನಿಗೆ ಧೂಳು ಕೂತ್ರೆ ಜಾಕ್ ಕಚ್ಕೊಳುತ್ತೆ,” ಎಂದ. ಹೂತುಹೋದ ಪೊಲೀಸ್ ವ್ಯಾನಿನ ಬಳಿ ಪೇದೆಯೊಬ್ಬ ಕೈ ಅಡ್ಡ ಹಿಡಿದಾಗ, “ಎಣ್ಣೆ ಹಾಕದೆ ನಾನು ಜಾಕ್ ಮುಟ್ಟಲ್ಲ. ಎಣ್ಣೆ ಮನೇಲಿದೆ,” ಎಂದ. ಎರಡೂ ಮಾತು ನಿಜವೇ ಆಗಿದ್ದವು. ಹೆದರಿದವನಿಗೆ ಸಿಗುವಷ್ಟು ನಿಜಗಳು ಧೈರ್ಯವಂತರಿಗೆ ಸಿಗುವುದಿಲ್ಲ. ಪರಿಣಾಮ ಮಾತ್ರ ತಿರುಗುಮುರುಗಾ ಆಯಿತು. ‘ಸೆಬೇಗೋ ಅಂದ್ರೆ ಸುಮ್ನೆ ಅಲ್ಲ, ಧೂಳು ಎಣ್ಣೆ ಎಲ್ಲ ನೋಡಿಯೇ ಕೈ ಹಾಕೋನು’ ಎಂಬ ಖ್ಯಾತಿ ಹಬ್ಬಿತು. ಆ ಖ್ಯಾತಿ ಅವನ ಅಕ್ಕನ ಗಂಡನ ಮನೆಯವರ ಕಿವಿಗೂ ಬಿತ್ತು.

ಅಕ್ಕನ ಮಗ ಥೂಸೋಗೆ ಮೊತ್ಸೇರೆ ಎಂಬ ಹಳ್ಳಿಯ ಹುಡುಗಿಯನ್ನು ಕೇಳಬೇಕಿತ್ತು. ಹೆಣ್ಣು ಕೇಳಲು ಹುಡುಗ ಹೋಗುವಂತಿಲ್ಲ, ಹಿರಿಯರು ಹೋಗಬೇಕು. ಸೋದರಮಾವನ ಬಾಯಿಂದಲೇ ಮಾತು ಬರಬೇಕು. ಬೆಳಗಿನ ಸೂರ್ಯ ಕಾಣುವ ಮುಂಚೆ ಹುಡುಗಿಯ ಮನೆಯ ಬಾಗಿಲಲ್ಲಿ ಕೂತಿರಬೇಕು. ಆ ಮನೆಯವರು ಹಿಂದೆ ಬೇರೊಬ್ಬ ಹುಡುಗನ ಕಡೆಯವರು ಬಿಸಿಲೇರಿದ ಮೇಲೆ ಬಂದರೆಂದು ನೀರೂ ಕೊಡದೆ ಕಳಿಸಿದ್ದರು. ಥೂಸೋ ಮಾವನ ಕೈ ಹಿಡಿದುಕೊಂಡು, “ಮಾವ, ಅವರು ಒಂದ್ಸಲ ಬೇಡ ಅಂದ್ರೆ ಮುಗೀತು. ನನ್ನ ಜೀವ ನಿನ್ನ ಗಾಡಿಲಿದೆ,” ಎಂದ. ಅವನ ಕಣ್ಣು ತುಂಬಿದ್ದವು. ಹುಡುಗ ಅಂದದ್ದು ಗಾಡಿ, ನೋಡಿದ್ದು ಜಾಕನ್ನು.

ಹೆಣ್ಣು ಕೇಳುವ ಹಿಂದಿನ ದಿನ ಮಧ್ಯಾಹ್ನದ ಊಟ ಮುಗಿಸಿ ಹೊರಟರು. ಮುಂದಿನ ಸೀಟಿನಲ್ಲಿ ಹುಡುಗನ ದೊಡ್ಡಪ್ಪ ಪೆಕೋ ಯಜಮಾನರು, ಹಿಂದೆ ಅವರ ತಮ್ಮ ಕೆಬೊನಾಂಗ್, ತಂಗಿ ಕೆಲಪೀಲೆ ಅತ್ತೆ, ಶೆನೋಲೋ ಮತ್ತು ಮಣೆ. ಹೆಂಗಸರು ಚೌಕಳಿ ಕಂಬಳಿ ಹೊದ್ದಿದ್ದರು. ಗಂಡಸರು ಕೋಟು ತೊಟ್ಟಿದ್ದರು. ಹೊರಗೆ ಮರದ ನೆರಳೂ ಸುಡುವಂಥ ಅಕ್ಟೋಬರ್ ಬಿಸಿಲು.

ಪೆಕೋ ಯಜಮಾನರು ಗಂಟಲು ಸರಿಮಾಡಿಕೊಂಡರು. “ಕೇಳಿ ಎಲ್ಲ. ನಮ್ಮ ಕಟ್ಟೆ ಬಿಟ್ಟ ಗಳಿಗೆಯಿಂದ ನಾವು ಹೆಣ್ಣು ಕೇಳೋಕೆ ಹೊರಟೋರು. ಕೋಟು ಬಿಚ್ಚೋ ಹಾಗಿಲ್ಲ. ಮಾತು ಸಾಲಾಗಿ ಬರಬೇಕು. ಹೆಂಗಸರು ಏನಾದ್ರೂ ಹೇಳೋದಿದ್ರೆ ಕೆಲಪೀಲೆಗೆ ಹೇಳಬೇಕು. ಅವಳು ಕೆಬೊನಾಂಗ್‌ಗೆ. ಅವನು ನನಗೆ. ನಾನು ಸೋದರಮಾವನಿಗೆ. ನಡುವೆ ಯಾರೂ ಬಾಯಿ ಹಾಕಬಾರದು. ಈಗಿಂದ್ಲೇ ಅಭ್ಯಾಸ ಆಗ್ಲಿ.”

ಶೊರೋಬೆ ಹಳ್ಳಿ ದಾಟಿದ ಮೇಲೆ ಟಾರು ಮುಗಿಯಿತು. ಕಾಡುಪ್ರಾಣಿಗಳಿಂದ ದನ ಕಾಯುವ ದೊಡ್ಡ ಬೇಲಿ ದಾಟಿದ ಮೇಲೆ ದನಗಳೂ ಮುಗಿದವು. ಬೇಲಿಯ ಗೇಟಿನವನು ಜಾಕನ್ನು ಕಂಡು ಸೆಲ್ಯೂಟ್ ಹೊಡೆದು, “ನಿಮಗೇನ್ ಭಯ ಬಿಡಿ,” ಎಂದ. ಅದಾಗಿ ಒಂದು ಗಂಟೆಯೊಳಗೆ, ಮೊಪಾನೆ ಮರಗಳ ನಡುವೆ, ಮೊಳಕಾಲುದ್ದ ಮರಳಿನಲ್ಲಿ, ಹಿಂದಿನ ಎಡ ಚಕ್ರ ಒಂದು ಕೂಳೆಗೆ ಸಿಕ್ಕಿ ನಿಟ್ಟುಸಿರುಬಿಟ್ಟು ಕೂತಿತು.

ಎಲ್ಲರೂ ಇಳಿದರು. ಮರಳಿನ ಮೇಲೆ ಹೆಜ್ಜೆಗಳಿದ್ದವು, ತಟ್ಟೆಯಷ್ಟು ಅಗಲ, ಬೆಕ್ಕಿನ ಹೆಜ್ಜೆಯಂತೆ ಉಗುರಿನ ಗುರುತಿಲ್ಲದವು. ಅದು ಯಾವುದರ ಹೆಜ್ಜೆ ಎಂದು ಯಾರೂ ಹೇಳಲಿಲ್ಲ. ಹೇಳಿದರೆ ಸಾಲಾಗಿ ಹೇಳಬೇಕಾಗುತ್ತಿತ್ತು.

“ಭಯ ಇಲ್ಲ,” ಎಂದರು ಪೆಕೋ ಯಜಮಾನರು. “ಸೋದರಮಾವ ಇದ್ದಾನೆ. ಜಾಕ್ ಇದೆ. ಇವತ್ತು ಗಾಳಿಲಿ ಧೂಳೂ ಇಲ್ಲ.”

“ಎಣ್ಣೆ...” ಎಂದ ಸೆಬೇಗೋ.

“ತಂದಿದ್ದೀನಿ ಕಣ್ರೀ,” ಎಂದಳು ಶೆನೋಲೋ, ಸಾಲು ಮರೆತು. “ಸಾಲು!” ಎಂದು ಪೆಕೋ ಯಜಮಾನರು ಗದರಿದರು.

ಸೂರ್ಯ ಮರದ ನೆತ್ತಿಗೆ ಇಳಿಯುತ್ತಿದ್ದ. ಕತ್ತಲಾದರೆ ಹೆಜ್ಜೆಗಳ ಯಜಮಾನರು ಬರುತ್ತಾರೆ. ಬೆಳಗಾದರೆ ಥೂಸೋನ ಮದುವೆ ಹೋಗುತ್ತದೆ. ಜಾಕ್ ಮುಟ್ಟಿದರೆ ಹಲ್ಲು ಹೋಗುತ್ತದೆ. ಮೂರರಲ್ಲಿ ಹಲ್ಲು ತನ್ನೊಬ್ಬನದು ಎಂದುಕೊಂಡು ಜಾಕನ್ನು ಬಿಚ್ಚಿದ.

ಆಮೇಲೆ ನಡೆದದ್ದರಲ್ಲಿ ಒಂದೂ ಸರಿಯಾದ ಕ್ರಮದಲ್ಲಿ ನಡೆಯಲಿಲ್ಲ. ಚಕ್ರದ ನಟ್ಟುಗಳನ್ನು ನೆಲದಲ್ಲಿರುವಾಗಲೇ ಸಡಿಲಿಸಬೇಕಿತ್ತು, ಸಡಿಲಿಸಲಿಲ್ಲ. ಉಳಿದ ಚಕ್ರಗಳಿಗೆ ಅಡ್ಡ ಕೊಡಬೇಕಿತ್ತು, ಕೊಡಲಿಲ್ಲ. ಜಾಕಿನ ಪಾದ ಅಂಗೈ ಅಗಲ. ಅದರ ಕೆಳಗೆ ಬರೀ ಮರಳು. ಮೂಗನ್ನು ಸಿಕ್ಕಿಸಲು ಗಾಡಿಯ ಸುತ್ತ ಹುಡುಕಿದ. ಅಂಗಡಿಯಾಕೆಯ ಪ್ರಶ್ನೆ ಆಗ ನೆನಪಾಯಿತು. ಸುತ್ತಲೂ ಒಳ್ಳೇ ಬಂಪರ್ರು, ಅಷ್ಟೂ ಪ್ಲಾಸ್ಟಿಕ್. ಗಟ್ಟಿ ಎನಿಸಿದ ಒಂದು ಅಂಚಿಗೆ ಸಿಕ್ಕಿಸಿ, ತಲೆಯನ್ನು ಆದಷ್ಟು ಹಿಂದಕ್ಕೆ ಬಾಗಿಸಿ, ಕಣ್ಣು ಮುಚ್ಚಿ ಹಿಡಿ ಒತ್ತಿದ.

ಕಟಕ್. ಗಾಡಿಯ ಮೈ ಮೇಲೇರಿತು. ಕಟಕ್. ಇನ್ನೂ ಏರಿತು. ಚಕ್ರ ಮಾತ್ರ ಉದ್ದನೆಯ ಸ್ಪ್ರಿಂಗಿನಿಂದ ಜೋತುಬಿದ್ದು ನೆಲದಲ್ಲೇ ಕೂತಿತ್ತು. ಎಷ್ಟು ಒತ್ತಿದರೂ ಮೈ ಸ್ವರ್ಗದ ಕಡೆಗೂ ಚಕ್ರ ಮರಳಿನ ಕಡೆಗೂ ಹೋದವು.

ಜಾಕ್ ನಿಧಾನವಾಗಿ ವಾಲತೊಡಗಿದ್ದನ್ನು ಮೊದಲು ಕಂಡವಳು ಶೆನೋಲೋ. ಒಮ್ಮೆ ಗದರಿಸಿಕೊಂಡಿದ್ದರಿಂದ ಈ ಸಲ ಅತ್ತೆಯ ಕಡೆ ತಿರುಗಿ, “ಅತ್ತೆ, ಜಾಕ್ ವಾಲ್ತಿದೆ,” ಎಂದಳು.

ಕೆಲಪೀಲೆ ಅತ್ತೆ ಕಂಬಳಿ ಸರಿಮಾಡಿಕೊಂಡು, “ಕೆಬೊನಾಂಗಣ್ಣ, ಹೆಂಗಸರ ಕಡೆಯಿಂದ ಒಂದು ಮಾತು. ಜಾಕ್ ವಾಲ್ತಿದೆ ಅಂತ,” ಎಂದರು.

ಕೆಬೊನಾಂಗ್ ಟೋಪಿ ತೆಗೆದರು. “ಅಣ್ಣ, ಮಾತು ಬಂದಿದೆ.”

“ಯಾರ ಕಡೆಯಿಂದ?” ಎಂದರು ಪೆಕೋ ಯಜಮಾನರು.

“ಹೆಂಗಸರ ಕಡೆಯಿಂದ.”

“ಕೇಳಿದ್ದೇವೆ ಅನ್ನು. ಏನಂತೆ?”

“ಜಾಕ್ ವಾಲ್ತಿದೆಯಂತೆ.”

“ವಾಲ್ತಿದೆಯೋ, ವಾಲಿತೋ?”

ಕೆಬೊನಾಂಗ್ ಅದನ್ನು ಕೇಳಿ ತಿಳಿಯಲು ತಂಗಿಯ ಕಡೆ ತಿರುಗುವಷ್ಟರಲ್ಲಿ ಫಟ್ ಎಂದು ಬಂಪರ್ ಕಿತ್ತು ಬಂತು. ಗಾಡಿ ಧೊಪ್ಪೆಂದು ಕೂತಿತು. ಜಾಕಿನ ಹಿಡಿ ಸುಂಯ್ ಎಂದು ಪೆಕೋ ಯಜಮಾನರ ಟೋಪಿಯನ್ನು ತೆಗೆದುಕೊಂಡು ಹೋಗಿ ಮೊಪಾನೆ ಮರಕ್ಕೆ ತಗುಲಿಸಿತು. ಟೋಪಿಯ ಒಳಗಿದ್ದದ್ದು ಅಲ್ಲೇ ಇತ್ತು. ಯಜಮಾನರು ಎರಡೂ ಕೈಯಿಂದ ಮುಟ್ಟಿ ನೋಡಿಕೊಂಡರು.

ಅಷ್ಟರಲ್ಲಿ ಕೊಂಬೆ ಮುರಿಯುವ ಸದ್ದು ಕೇಳಿತು. ಮರಗಳ ನಡುವಿನ ಬೂದು ಬಣ್ಣದ ಗೋಡೆಯೊಂದು ಕಿವಿ ಬೀಸಿತು. ಒಂಟಿ ಗಂಡಾನೆ. ಸದ್ದು ಎಂಥದ್ದೆಂದು ನೋಡಲು ಬಂದಿತ್ತು.

ಉಳಿದವರು ಗಾಡಿಯೊಳಗೆ ಹಾರಿದರು. ಶೆನೋಲೋ ಮಣೆಯಿಲ್ಲದೆ, ಒಂದೇ ನೆಗೆತಕ್ಕೆ ಹತ್ತಿದಳು. ಸೆಬೇಗೋಗೆ ಬಾಗಿಲು ದೂರವಾಯಿತು. ಅವನು ಇದ್ದಲ್ಲೇ ಮಕಾಡೆ ಬಿದ್ದು ಗಾಡಿಯ ಪಕ್ಕಕ್ಕೆ ಅಂಟಿಕೊಂಡ. ಕೆನ್ನೆ ಮರಳಿನಲ್ಲಿತ್ತು. ಕಣ್ಣಿನ ನೇರಕ್ಕೆ, ಚಕ್ರದಿಂದ ಚಕ್ರಕ್ಕೆ ಹೋದ ದಪ್ಪ ಕಬ್ಬಿಣದ ಆಕ್ಸಲ್ ಕಾಣಿಸಿತು.

ಆನೆ ಇನ್ನೂ ನೋಡುತ್ತಿತ್ತು. ಸೆಬೇಗೋ ಆಕ್ಸಲನ್ನು ನೋಡುತ್ತಿದ್ದ. ಚಾಸಿ ಎಲ್ಲೋ ಆಕಾಶದಲ್ಲಿತ್ತು, ನಿಜ. ಆದರೆ ಸ್ಪ್ರಿಂಗು ಎತ್ತಿದ್ದು ಮೈಯನ್ನು. ಆಕ್ಸಲ್ ಎಲ್ಲಿಗೂ ಹೋಗಿರಲಿಲ್ಲ. ದೊಡ್ಡ ಟೈರಿನ ದೆಸೆಯಿಂದ ನಾಲ್ಕು ಬೆರಳು ಏರಿದ್ದೀತು, ಅಷ್ಟೆ. ಗಾಳಿ ಹೋದ ಚಕ್ರದ ಬಳಿ ಅದೂ ಇಳಿದಿತ್ತು. ಆಕ್ಸಲನ್ನೇ ಎತ್ತಿದರೆ ಚಕ್ರವೂ ಜೊತೆಗೇ ಏಳಲೇಬೇಕು. ಗ್ಯಾರೇಜಿನವನು ‘ಏನ್ ಮಾಡ್ಬೇಕು ಅಂದ್ರೆ’ ಎಂದದ್ದು ಇದನ್ನೇ!

“ಶೆನೋಲೋ,” ಎಂದು ಪಿಸುಗುಟ್ಟಿದ. “ಸೀಟಿನ ಕೆಳಗಿನ ಬಾಟ್ಲಿ ಜಾಕ್ ಕೊಡು. ಮಣೆನೂ.”

ಒಳಗಿನಿಂದ ಅತ್ತೆಯ ದನಿ: “ಕೆಬೊನಾಂಗಣ್ಣ, ಸೋದರಮಾವನ ಕಡೆಯಿಂದ ಒಂದು ಮಾತು...”

“ಸಾಲು ಸಾಯ್ಲಿ!” ಎಂದು ಅಬ್ಬರಿಸಿದರು ಪೆಕೋ ಯಜಮಾನರು. ಆನೆ ಒಂದು ಹೆಜ್ಜೆ ಹಿಂದೆ ಸರಿಯಿತು. “ಈ ಚಕ್ರ ಬದಲಾಗೋವರೆಗೆ ಯಾರು ಯಾರಿಗೆ ಬೇಕಾದ್ರೂ ಕೂಗಬಹುದು! ನನ್ನ ಅಪ್ಪಣೆ! ಕೋಟು ಮಾತ್ರ ಬಿಚ್ಚಬಾರದು!”

ಅಪ್ಪಣೆ ಸಿಕ್ಕಿದ್ದೇ ತಡ, ಎಲ್ಲರೂ ಕೂಗಿದರು. ಜಾಕಿನ ವಿಷಯ ಮುಗಿದ ಮೇಲೂ ಕೂಗಿದರು. ಮೂವತ್ತು ವರ್ಷ ಸಾಲಿನಲ್ಲಿ ಕಾದಿದ್ದ ಮಾತುಗಳಿದ್ದವು. ಕೆಬೊನಾಂಗ್ ಅಣ್ಣನ ಮುಖಕ್ಕೇ, “ಅಪ್ಪನ ಕೋಣ ನೀನೇ ಇಟ್ಕೊಂಡೆ!” ಎಂದರು. ಅತ್ತೆ ಇಬ್ಬರಿಗೂ, “ನನ್ನ ಮದುವೇಲಿ ನೀವಿಬ್ರೂ ಕುಡಿದು ಮಲಗಿದ್ರಿ!” ಎಂದರು. ಇಷ್ಟು ದೊಡ್ಡ ಸಂಸಾರದ ಗದ್ದಲ ಆನೆಗೆ ಹಿಡಿಸಲಿಲ್ಲ. ಅದು ಬೆನ್ನು ತಿರುಗಿಸಿ, ಮರ್ಯಾದಸ್ಥರು ಜಗಳದ ಮನೆಯಿಂದ ಜಾರಿಕೊಳ್ಳುವ ಹಾಗೆ ಹೊರಟುಹೋಯಿತು.

ಸೆಬೇಗೋ ನಡುಗುತ್ತಲೇ ಕೆಲಸ ಮಾಡಿದ. ನಡುಗುವವನು ಯಾವುದನ್ನೂ ಬಿಡುವುದಿಲ್ಲ. ಎಲ್ಲರನ್ನೂ ಗಾಡಿಯಿಂದ ಇಳಿಸಿದ. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸಿ, ಉಳಿದ ಚಕ್ರಗಳ ಹಿಂದೆ ಮುಂದೆ ಒಣ ಮರದ ತುಂಡು ಒತ್ತಿಸಿದ. ನಟ್ಟುಗಳನ್ನು ಮೊದಲೇ ಸಡಿಲಿಸಿದ. ಮರಳು ಸಮ ಮಾಡಿ ಮಣೆ ಇಟ್ಟು, ಮಣೆಯ ನಟ್ಟನಡುವೆ ಬಾಟ್ಲಿ ಜಾಕ್ ನಿಲ್ಲಿಸಿ, ಅದರ ತಲೆಯನ್ನು ಆಕ್ಸಲ್ಲಿನ ಕೆಳಗೆ ಕೂರಿಸಿದ. ಸ್ಟೆಪ್ನಿಯನ್ನು ಗಾಡಿಯ ಅಂಚಿನ ಕೆಳಗೆ ತಳ್ಳಿದ, ಜಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರಲಿ ಎಂದು. ತಾನು ಒಂದು ಬೆರಳನ್ನೂ ಗಾಡಿಯಡಿಗೆ ತೂರಿಸದೆ, ಹಿಡಿಯನ್ನು ಸಣ್ಣ ಸಣ್ಣಗೆ ಒತ್ತಿದ.

ಚಕ್ರ ಎದ್ದಿತು. ಮೈಯೂ ಚಕ್ರವೂ ಒಟ್ಟಿಗೇ ಎದ್ದವು.

“ವಾಲ್ತಿದೆಯಾ?” ಎಂದು ಪ್ರತಿ ಒತ್ತಿಗೂ ಕೇಳಿದ.

“ಇಲ್ಲ!” ಎಂದು ನಾಲ್ವರೂ ಒಟ್ಟಿಗೆ ಕೂಗಿದರು.

ಗಾಳಿ ತುಂಬಿದ ಚಕ್ರಕ್ಕೆ ಜಾಗ ಸಾಲದಾದಾಗ ಜಾಕನ್ನು ಇನ್ನೂ ಏರಿಸುವ ಸಾಹಸ ಮಾಡಲಿಲ್ಲ. ಚಕ್ರದ ಕೆಳಗಿನ ಮರಳನ್ನು ಉದ್ದನೆಯ ಕೊಂಬೆಯಿಂದ ಕೆದರಿದ. ಸ್ಟೆಪ್ನಿಯನ್ನು ಎಳೆದುಕೊಂಡು ಅದರ ಜಾಗಕ್ಕೆ ಹಳೇ ಚಕ್ರವನ್ನು ತಳ್ಳಿದ. ನಟ್ಟು ಬಿಗಿದು ಮುಗಿಯುವ ಹೊತ್ತಿಗೆ ಸೂರ್ಯ ಮೊಪಾನೆ ಕಾಂಡಗಳ ನಡುವೆ ಕೆಂಪಗಿದ್ದ. ದೂರದಲ್ಲಿ ಏನೋ ಗಂಟಲು ಸರಿಮಾಡಿಕೊಂಡಿತು. ಅದು ಪೆಕೋ ಯಜಮಾನರಲ್ಲ. ಅವರು ಆಗಲೇ ಮರದಿಂದ ಟೋಪಿ ಬಿಡಿಸಿಕೊಂಡು ಮುಂದಿನ ಸೀಟಿನಲ್ಲಿದ್ದರು.

ಬೆಳಗಿನ ಮಬ್ಬಿನಲ್ಲಿ, ಸೂರ್ಯನಿಗಿಂತ ಮೊದಲು, ಅವರು ಮೊತ್ಸೇರೆಯ ಆ ಮನೆಯ ಬಾಗಿಲಲ್ಲಿ ನೆಲಕ್ಕೆ ಕೂತಿದ್ದರು. ಕೋಟುಗಳ ತುಂಬ ಗ್ರೀಸು. ಬಂಪರ್ ಇಲ್ಲದ ಗಾಡಿ ಬೇಲಿಯ ಹೊರಗೆ ನಿಂತಿತ್ತು, ಬಾನೆಟ್ಟಿನ ಮೇಲೆ ಮತ್ತೆ ಕೆಂಪು ಜಾಕ್. ಒಳಗೆ ಗಿಡ್ಡ ಕುರ್ಚಿಗಳಲ್ಲಿ ಹುಡುಗಿಯ ಕಡೆಯವರು. ನಡುವೆ ಅವಳ ಸೋದರಮಾವ ಸೆಕೆಲೆ, ಬಾಯಿಗೆ ಶಾಲು ಅಡ್ಡ ಹಿಡಿದು ಕೂತಿದ್ದ ಗಟ್ಟಿಮುಟ್ಟು ಮನುಷ್ಯ.

“ನಾವು ನೀರು ತರೋ ಸೋರೆಬುರುಡೆ ಕೇಳ್ಕೊಂಡು ಬಂದೋರು,” ಎಂದ ಸೆಬೇಗೋ. ಹುಡುಗಿ ಎಂದು ಹೇಳುವಂತಿಲ್ಲ, ಹಾಗೆಯೇ ಹೇಳಬೇಕು.

ಸೆಕೆಲೆಯ ಕಣ್ಣು ಬೇಲಿಯಾಚೆ ಇತ್ತು. ಅಂಗಳದ ಮೂಲೆಯಲ್ಲಿ, ಒಂದು ಚಕ್ರ ಕೂತ ಟ್ರೇಲರ್ ಓರೆಯಾಗಿ ನಿಂತಿರುವುದನ್ನು ಸೆಬೇಗೋ ಆಗ ಕಂಡ.

“ಆ ಕೆಂಪು ವಸ್ತು ಯಾರದು?” ಶಾಲಿನ ಹಿಂದಿನಿಂದ ಪ್ರಶ್ನೆ ಬಂತು.

ಪ್ರಶ್ನೆ ಸಾಲಾಗಿ ಇಳಿದು ಬರುವವರೆಗೆ ಸೆಬೇಗೋಗೆ ಯೋಚಿಸಲು ಸಮಯವಿತ್ತು. ‘ನಂದೇ, ಅದರಲ್ಲಿ ಬೆಟ್ಟ ಎತ್ತುತ್ತೇನೆ’ ಎಂದರೆ ಟ್ರೇಲರ್ ಕಾದಿತ್ತು. ‘ಬರೀ ತೋರಿಕೆಗೆ’ ಎಂದರೆ, ತೋರಿಕೆಯ ಮನೆಗೆ ಯಾರು ಹೆಣ್ಣು ಕೊಡುತ್ತಾರೆ? ಇಡೀ ಸಾಲು ಅವನ ಬಾಯಿ ನೋಡುತ್ತಿತ್ತು. ಥೂಸೋನ ತುಂಬಿದ ಕಣ್ಣು ನೆನಪಾಯಿತು. ಧೂಳು, ಎಣ್ಣೆ ಎಲ್ಲ ತುಟಿಯವರೆಗೆ ಬಂದವು.

“ನಂದು,” ಎಂದ. “ನಿನ್ನೆ ಅದರಿಂದ ನಮ್ಮ ಯಜಮಾನರ ತಲೆ ಹೋಗ್ತಿತ್ತು. ಕೊನೆಗೆ ಚಕ್ರ ಎತ್ತಿದ್ದು ಹಳೇ ಬಾಟ್ಲಿ ಜಾಕು. ಆ ಕೆಂಪು ಜಾಕ್ ಕಂಡ್ರೆ ನನಗೆ ಭಯ ಸ್ವಾಮಿ. ಕೊಂಡ ದಿನದಿಂದ್ಲೂ ಭಯ.”

ಪೆಕೋ ಯಜಮಾನರು ಕಣ್ಣು ಮುಚ್ಚಿಕೊಂಡರು. ಮದುವೆ ಹೋಯಿತು ಎಂದು ಅತ್ತೆ ಕಂಬಳಿಯ ಅಂಚು ಕಚ್ಚಿದರು.

ಸೆಕೆಲೆ ನಿಧಾನವಾಗಿ ಶಾಲು ಸರಿಸಿ ಬಾಯಿ ತೆರೆದ. ಮುಂದೆ ಒಂದೂ ಹಲ್ಲಿರಲಿಲ್ಲ.

“ನನಗೆ ಭಯ ಇರ್ಲಿಲ್ಲ,” ಎಂದ.

ಆ ವಸಡಿನ ನಗು ಅಂಗಳಕ್ಕೆಲ್ಲ ಹಬ್ಬಲು ಸ್ವಲ್ಪ ಸಮಯ ಹಿಡಿಯಿತು. ನಗು ನಿಂತ ಮೇಲೆ ಸೆಕೆಲೆ ಕಣ್ಣೊರೆಸಿಕೊಂಡು, “ಸೋರೆಬುರುಡೆ ನಮ್ಮನೇಲಿದೆ. ಕೊಡ್ತೀವಿ,” ಎಂದ. ಅತ್ತೆ ಸಂತೋಷಕ್ಕೆ ನಾಲಿಗೆ ಆಡಿಸಿ ಹಾಕಿದ ಕೇಕೆಗೆ ಕೋಳಿಗಳು ಮರ ಹತ್ತಿದವು. ಪೆಕೋ ಯಜಮಾನರು ಕೂತಲ್ಲೇ ಕೋಟಿನ ಗುಂಡಿ ಬಿಚ್ಚಿ ಉಸ್ಸೆಂದರು.

“ಇನ್ನೊಂದು ಮಾತು,” ಎಂದ ಸೆಕೆಲೆ, ಟ್ರೇಲರಿನ ಕಡೆ ಗದ್ದ ಚಾಚಿ. “ಅದನ್ನ ಮುಟ್ಟೋಕೆ ಈ ಮನೇಲಿ ಯಾರಿಗೂ ಧೈರ್ಯ ಇಲ್ಲ.”

ಸೆಬೇಗೋ ಎದ್ದ. ಎರಡೂ ಮನೆಯ ಹಿರಿಯರ ತಲೆಯ ಮೇಲಿಂದ, ಸಾಲನ್ನೆಲ್ಲ ದಾಟಿಸಿ, ಹೆಂಗಸರ ನಡುವೆ ಕೂತಿದ್ದ ಹೆಂಡತಿಗೆ ಕೂಗಿದ:

“ಶೆನೋಲೋ, ಮಣೆ ತಾ!”

ಪೆಕೋ ಯಜಮಾನರು ಎದ್ದು ನಿಂತು, ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಟ್ರೇಲರಿನಿಂದ ಆದಷ್ಟು ದೂರ ಹೋಗಿ ಕೂತರು.